ನಿಮಗಿದು ಗೊತ್ತೇ? ಹಲ್ಲಿಗೆ ಕ್ಲಿಪ್ ಹಾಕಿಸುವ ಮುನ್ನ, ಹಾಕಿಸಿದ ಮೇಲೆ

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ಈಗ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಆದರೆ ಆ ತಂತಿ ಬಾಯೊಳಗೆ ಏನು ಮಾಡುತ್ತದೆ, ವರ್ಷಗಟ್ಟಲೆ ಯಾಕೆ ಇರಬೇಕು, ಬಿಚ್ಚಿಸಿದ ಮೇಲೂ ಯಾವ ಕೆಲಸ ಉಳಿದಿರುತ್ತದೆ ಎಂದು ತಿಳಿದುಕೊಂಡು ಡಾಕ್ಟರ ಕುರ್ಚಿಯಲ್ಲಿ ಕೂರುವವರು ಕಡಿಮೆ. ಡಾಕ್ಟರು ನಿಮ್ಮ ಹಲ್ಲು ನೋಡುವುದು ನಾಲ್ಕರಿಂದ ಎಂಟು ವಾರಕ್ಕೊಮ್ಮೆ, ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ ಅವು ನಿಮ್ಮ ಸುಪರ್ದಿಯಲ್ಲೇ ಇರುತ್ತವೆ. ಹಾಗಾಗಿ ಈ ಸಂಗತಿಗಳು ನಿಮಗೆ ಗೊತ್ತಿರಲೇಬೇಕು.

ಹಲ್ಲು ಸರಿಯುವುದು ಹೇಗೆ?

● ಹಲ್ಲು ದವಡೆಯಲ್ಲಿ ಕೂತಿರುವುದು ಗೋಡೆಗೆ ಹೊಡೆದ ಮೊಳೆಯ ಹಾಗಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವೊಂದಿದೆ. ರಕ್ತನಾಳ, ನರ, ಜೀವಕೋಶ ಎಲ್ಲವೂ ಅದರಲ್ಲಿವೆ. ಈ ಪದರ ಇರುವುದರಿಂದಲೇ ಹಲ್ಲು ಸರಿಯುತ್ತದೆ. ಮೂಳೆಗೇ ಬೆಸೆದುಕೊಂಡ ಹಲ್ಲನ್ನಾಗಲಿ, ಇಂಪ್ಲಾಂಟ್ ಹಲ್ಲನ್ನಾಗಲಿ ಯಾವ ತಂತಿಯೂ ಕದಲಿಸಲಾರದು.

● ತಂತಿ ಒತ್ತಿದ ಕಡೆ ಮೂಳೆ ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಕರಗಿಸಲು ಆಸ್ಟಿಯೋಕ್ಲಾಸ್ಟ್, ಕಟ್ಟಲು ಆಸ್ಟಿಯೋಬ್ಲಾಸ್ಟ್ ಎಂಬ ಬೇರೆ ಬೇರೆ ಜೀವಕೋಶಗಳಿವೆ. ತಂತಿ ದಾರಿ ತೋರಿಸುತ್ತದೆ. ಹಲ್ಲನ್ನು ಹೊಸ ಜಾಗಕ್ಕೆ ಒಯ್ದು ಕೂರಿಸುವ ಕೆಲಸ ನಿಮ್ಮ ಮೂಳೆಯದು.

● ಹಲ್ಲಿನ ನಡಿಗೆ ತಿಂಗಳಿಗೆ ಹೆಚ್ಚುಕಡಿಮೆ 1 ಮಿಲಿಮೀಟರ್. ಹಲ್ಲು ಕೀಳಿಸಿದ 7 ಮಿಲಿಮೀಟರ್ ಜಾಗ ಮುಚ್ಚಲು ಎಷ್ಟು ತಿಂಗಳು ಬೇಕೆಂದು ನೀವೇ ಲೆಕ್ಕ ಹಾಕಿ. ಪೂರ್ತಿ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಹಿಡಿಯುವುದು ಇದೇ ಕಾರಣಕ್ಕೆ.

● "ಇನ್ನೂ ಬಿಗಿ ಮಾಡಿ ಡಾಕ್ಟ್ರೇ, ಬೇಗ ಮುಗೀಲಿ" ಎಂದು ಕೇಳುವವರಿದ್ದಾರೆ. ಒಂದು ಹಲ್ಲು ಸರಿಯಲು ಬೇಕಾದ ಬಲ ಕೆಲವು ಹತ್ತು ಗ್ರಾಂಗಳಿಂದ ನೂರು ಗ್ರಾಂ ಆಸುಪಾಸು ಮಾತ್ರ. ಅದಕ್ಕಿಂತ ತೀರಾ ಹೆಚ್ಚಾದರೆ ನಾರಿನ ಪದರದ ರಕ್ತಸಂಚಾರ ನಿಂತು, ಹಲ್ಲು ವಾರಗಟ್ಟಲೆ ಇದ್ದಲ್ಲೇ ಇರುತ್ತದೆ. ಬಿಗಿ ಹೆಚ್ಚಾದಷ್ಟೂ ಕೆಲಸ ತಡ.

● ಚಿಕಿತ್ಸೆ ನಡೆಯುವಾಗ ಹಲ್ಲು ತುಸು ಅಲುಗಾಡುವುದು ಸಹಜ. ಸುತ್ತಲಿನ ಮೂಳೆ ಮತ್ತೆ ಗಟ್ಟಿಯಾದಾಗ ಅದೂ ಗಟ್ಟಿಯಾಗುತ್ತದೆ. ಒಂದೇ ಹಲ್ಲು ವಿಪರೀತ ಅಲುಗಾಡಿದರೆ ಮಾತ್ರ ತಡಮಾಡದೆ ತೋರಿಸಿ.

● ಸರಿಯುವ ಹಲ್ಲಿನ ಬೇರಿನ ತುದಿ ಅಷ್ಟಿಷ್ಟು ಸವೆಯುವುದುಂಟು. ಬಹುಪಾಲು ಜನರಲ್ಲಿ ಅದರಿಂದ ತೊಂದರೆಯಿಲ್ಲ. ನೂರರಲ್ಲಿ 1ರಿಂದ 5 ಮಂದಿಗೆ ಸವೆತ ಹೆಚ್ಚಾಗಬಹುದು. ನಡುವೆ ಒಮ್ಮೆ ಎಕ್ಸ್‌ರೇ ತೆಗೆಸಿ ಎಂದು ಡಾಕ್ಟರು ಹೇಳಿದರೆ ಬೇಡವೆನ್ನಬೇಡಿ.

ಯಾವ ವಯಸ್ಸಿಗೆ?

● ಮಗುವನ್ನು ಹಲ್ಲು ಸರಿಪಡಿಸುವ ತಜ್ಞರಾದ ಆರ್ಥೊಡಾಂಟಿಸ್ಟ್‌ಗೆ ಮೊದಲ ಸಲ ತೋರಿಸಲು 7 ವರ್ಷದೊಳಗಿನ ವಯಸ್ಸು ಒಳ್ಳೆಯದು ಎಂದು ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ ಸಲಹೆ ಮಾಡುತ್ತದೆ. ಆಗಲೇ ಕ್ಲಿಪ್ ಹಾಕಬೇಕೆಂದು ಇದರ ಅರ್ಥವಲ್ಲ. ದವಡೆ ಬೆಳೆಯುವ ರೀತಿಯಲ್ಲಿ ಏರುಪೇರಿದ್ದರೆ ಆ ವಯಸ್ಸಿಗೆ ಗೊತ್ತಾಗುತ್ತದೆ.

● ಎಂಟರಿಂದ ಹನ್ನೊಂದು ವರ್ಷದ ಮಕ್ಕಳ ಮೇಲಿನ ಮುಂದಿನ ಹಲ್ಲುಗಳ ನಡುವೆ ಸಂದು ಕಂಡರೆ ಗಾಬರಿ ಬೇಡ. ಒಳಗಿರುವ ಕೋರೆಹಲ್ಲು ಅವುಗಳ ಬೇರನ್ನು ಒತ್ತುತ್ತಿರುತ್ತದೆ. ಹನ್ನೊಂದು–ಹನ್ನೆರಡರ ಹೊತ್ತಿಗೆ ಕೋರೆ ಹೊರಬಂದಾಗ ಎಷ್ಟೋ ಮಕ್ಕಳಲ್ಲಿ ಸಂದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

● "ಹೇಗಿದ್ದರೂ ಬೀಳೋ ಹಾಲುಹಲ್ಲು ತಾನೇ" ಎಂದು ಹುಳುಕನ್ನು ಕಡೆಗಣಿಸಿದರೆ ಮುಂದೆ ಕಷ್ಟ. ಹಿಂದಿನ ಹಾಲುಹಲ್ಲು ಅವಧಿಗೆ ಮುನ್ನ ಹೋದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಆಮೇಲೆ ಬರುವ ಶಾಶ್ವತ ಹಲ್ಲಿಗೆ ಜಾಗವೇ ಇರುವುದಿಲ್ಲ. ಖಾಲಿ ಜಾಗ ಕಾಯಲು ಸ್ಪೇಸ್ ಮೇಂಟೇನರ್ ಎಂಬ ಸಣ್ಣ ಸಾಧನವಿದೆ. ಹಾಲುಹಲ್ಲು ಕೀಳಿಸಿದ ದಿನವೇ ಅದರ ಬಗ್ಗೆ ಕೇಳಿ.

● ಬೆರಳು ಚೀಪುವ ಅಭ್ಯಾಸ ನಾಲ್ಕು–ಐದು ವರ್ಷ ದಾಟಿಯೂ ಮುಂದುವರಿದರೆ ಮೇಲಿನ ಮುಂಬಲ್ಲುಗಳು ಮುಂದಕ್ಕೆ ಬರುತ್ತವೆ, ಅಂಗುಳ ಕಿರಿದಾಗುತ್ತದೆ. ಬೈದು ಹೊಡೆದು ಬಿಡಿಸಲು ಹೋಗಬೇಡಿ. ಮಗುವನ್ನು ಒಲಿಸಿ ಬಿಡಿಸುವ ದಾರಿಗಳು ಮಕ್ಕಳ ದಂತವೈದ್ಯರಿಗೆ ಗೊತ್ತು.

● ಕಿರಿದಾದ ಅಂಗುಳವನ್ನು ಸ್ಕ್ರೂ ತಿರುಗಿಸಿ ಅಗಲ ಮಾಡಬಹುದೆಂದು ಅಮೆರಿಕದ ಎಮರ್ಸನ್ ಏಂಜೆಲ್ 1860ರಲ್ಲೇ ವರದಿ ಮಾಡಿದ್ದರು. ಬೆಳೆಯುವ ಮಕ್ಕಳಲ್ಲಿ ಅಂಗುಳದ ನಡುವಿನ ಮೂಳೆಯ ಹೊಲಿಗೆ ಇನ್ನೂ ಬಿಗಿದಿರುವುದಿಲ್ಲ. ಈ ಚಿಕಿತ್ಸೆ ಫಲಿಸುವುದು ಅದಕ್ಕೇ. ಸ್ಕ್ರೂ ತಿರುಗಿಸುವ ವಾರಗಳಲ್ಲಿ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬೀಳುತ್ತದೆ. ಅದು ಕೆಲಸ ನಡೆಯುತ್ತಿದೆ ಎಂಬುದರ ಗುರುತು.

● ಕೆಳದವಡೆ ಹಿಂದೆ ಉಳಿದ ಮಕ್ಕಳಿಗೆ ಕೊಡುವ 'ಟ್ವಿನ್ ಬ್ಲಾಕ್' ಸಾಧನವನ್ನು ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ರೂಪಿಸಿದರು. ಮಗು ಸರಸರನೆ ಎತ್ತರ ಬೆಳೆಯುವ ಒಂದೆರಡು ವರ್ಷಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆ ಕಾಲ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಂತ ಬೇಗ ಬರುತ್ತದೆ ಎಂಬುದು ನೆನಪಿರಲಿ.

● ಉಬ್ಬುಹಲ್ಲಿನ ಮಗು ಆಟವಾಡುವಾಗ ಬಿದ್ದರೆ ಮೊದಲ ಪೆಟ್ಟು ಮುಂಬಲ್ಲಿಗೆ. ಇಂಥ ಮಕ್ಕಳಿಗೆ ಬೇಗ ಚಿಕಿತ್ಸೆ ಕೊಟ್ಟರೆ ಹಲ್ಲು ಮುರಿಯುವ ಅಪಾಯ ತಗ್ಗುತ್ತದೆ. ಅಂದದ ಮಾತು ಪಕ್ಕಕ್ಕಿಟ್ಟರೂ ಈ ಒಂದು ಕಾರಣ ಸಾಕು.

● ಸೀಳುತುಟಿ, ಸೀಳಂಗುಳದ ಮಕ್ಕಳಿಗೆ ಶಸ್ತ್ರಚಿಕಿತ್ಸೆಯ ಜೊತೆ ಆರ್ಥೊಡಾಂಟಿಸ್ಟರ ನೆರವೂ ಬೇಕು. ಹಸುಗೂಸಾಗಿದ್ದಾಗಲೇ ಅಂಗುಳಕ್ಕೆ ಅಚ್ಚು ತಟ್ಟೆ ಕೂರಿಸಿ ಸೀಳನ್ನು ಹತ್ತಿರ ತರುವ ಪದ್ಧತಿಯಿದೆ. ಕೋರೆಹಲ್ಲು ಬರುವ ಮುನ್ನ ಸೀಳಿನ ಜಾಗಕ್ಕೆ ಮೂಳೆ ಕಸಿ ಮಾಡುವ ಹಂತವನ್ನು ದಯವಿಟ್ಟು ತಪ್ಪಿಸಬೇಡಿ.

● ಮೂವತ್ತಾಯಿತು, ನಲವತ್ತಾಯಿತು, ಇನ್ನೇಕೆ ಎನ್ನುವವರಿಗೆ: ಹಲ್ಲು ಸರಿಸಲು ವಯಸ್ಸಿನ ಮಿತಿಯಿಲ್ಲ. ವಸಡು ಮತ್ತು ಮೂಳೆ ಆರೋಗ್ಯವಾಗಿದ್ದರೆ ಸಾಕು. ವಸಡಿನಲ್ಲಿ ರಕ್ತ, ಕೀವು ಇದ್ದರೆ ಮೊದಲು ಅದು ವಾಸಿಯಾಗಬೇಕು, ಆಮೇಲೆ ಕ್ಲಿಪ್.

ಶುರು ಮಾಡುವ ಮುನ್ನ

● ಕ್ಲಿಪ್ ಹಾಕುವುದರಲ್ಲೇ ಪರಿಣತಿ ಪಡೆದವರು ಬಿ.ಡಿ.ಎಸ್. ಮುಗಿಸಿ, ಮತ್ತೆ ಮೂರು ವರ್ಷ ಇದೇ ವಿಷಯದಲ್ಲಿ ಎಂ.ಡಿ.ಎಸ್. ಓದಿರುತ್ತಾರೆ. "ನೀವು ಯಾವ ವಿಷಯದಲ್ಲಿ ಎಂ.ಡಿ.ಎಸ್. ಮಾಡಿದ್ದೀರಿ?" ಎಂದು ಕೇಳುವುದು ಅವಿನಯವಲ್ಲ. ಭಾರತೀಯ ಆರ್ಥೊಡಾಂಟಿಕ್ ಸೊಸೈಟಿ 1965ರಿಂದಲೂ ಇದೆ. ನಮ್ಮ ದೇಶದಲ್ಲಿ ಈ ಪರಿಣತಿಗೆ ಅಷ್ಟು ಹಿನ್ನೆಲೆಯಿದೆ.

● ಖರ್ಚಿಗೆ ಹೆದರಿ ಹಿಂಜರಿಯಬೇಡಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜೂ ಸೇರಿದಂತೆ, ಸ್ನಾತಕೋತ್ತರ ವಿಭಾಗವಿರುವ ದಂತ ಕಾಲೇಜುಗಳಲ್ಲಿ ಹಿರಿಯ ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಚಿಕಿತ್ಸೆ ಕೊಡುತ್ತಾರೆ. ಖಾಸಗಿ ಕ್ಲಿನಿಕ್ಕಿಗಿಂತ ಅಲ್ಲಿ ಶುಲ್ಕ ಸಾಮಾನ್ಯವಾಗಿ ಕಡಿಮೆ. ಕಾಯುವ ಹೊತ್ತು ಮಾತ್ರ ಹೆಚ್ಚಿರಬಹುದು.

● ಇಡೀ ದವಡೆಯ ಒ.ಪಿ.ಜಿ. ಎಕ್ಸ್‌ರೇ, ತಲೆಯ ಪಕ್ಕನೋಟದ ಸೆಫಲೋಗ್ರಾಂ, ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್, ಫೋಟೋಗಳು. ಇಷ್ಟನ್ನು ನೋಡಿ ಯೋಜನೆ ಹಾಕಿದ ಮೇಲೆಯೇ ಕ್ಲಿಪ್. ಕನ್ನಡಿಯಲ್ಲಿ ಒಮ್ಮೆ ಇಣುಕಿ ನೋಡಿ ಅಂದೇ ಶುರು ಮಾಡುವುದು ಸರಿಯಾದ ಕ್ರಮವಲ್ಲ.

● ಒಳ್ಳೆಯ ಹಲ್ಲನ್ನೇ ಕೀಳಿಸಬೇಕೇ ಎಂಬ ಚರ್ಚೆಗೆ ನೂರು ವರ್ಷ ದಾಟಿದೆ. ಅಮೆರಿಕದ ಎಡ್ವರ್ಡ್ ಆಂಗಲ್ ಯಾವ ಹಲ್ಲನ್ನೂ ಕೀಳಬಾರದೆಂದು ಪಟ್ಟು ಹಿಡಿದಿದ್ದರು. ಹಾಗೆ ಸರಿಪಡಿಸಿದ ಹಲ್ಲುಗಳು ಮತ್ತೆ ವಕ್ರವಾಗುವುದನ್ನು ಕಂಡ ಅವರದೇ ಶಿಷ್ಯ ಚಾರ್ಲ್ಸ್ ಟ್ವೀಡ್, ಬೇಕಾದವರಿಗೆ ಕೋರೆಯ ಹಿಂದಿನ ಹಲ್ಲು ಕೀಳಿಸಿ ಚಿಕಿತ್ಸೆ ಕೊಟ್ಟರು. ಇಂದು ಎಲ್ಲರಿಗೂ ಕೀಳುವುದಿಲ್ಲ, ಯಾರಿಗೂ ಕೀಳಬಾರದು ಎಂದೂ ಇಲ್ಲ. ನಿಮ್ಮ ಬಾಯಿಗೆ ಯಾಕೆ ಬೇಕು ಎಂದು ಕೇಳಿ ತಿಳಿದುಕೊಳ್ಳಿ.

● ಮಧುಮೇಹ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಮಾತ್ರೆ, ಗರ್ಭಧಾರಣೆ, ನಿಕ್ಕಲ್ ಅಲರ್ಜಿ: ಇವನ್ನು ಡಾಕ್ಟರಿಗೆ ಮೊದಲೇ ಹೇಳಿ. ಬಹಳಷ್ಟು ತಂತಿಗಳಲ್ಲಿ ನಿಕ್ಕಲ್ ಇರುತ್ತದೆ. ಕೃತಕ ಒಡವೆ ಹಾಕಿದರೆ ಕಿವಿ ಕೆರೆಯುತ್ತದೆ ಎನ್ನುವವರಂತೂ ಮರೆಯದೆ ಹೇಳಬೇಕು.

● ಮಗ ಅಥವಾ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಬೇರೆ ಊರಿನ ಹಾಸ್ಟೆಲಿಗೆ ಹೋಗುವವರಿದ್ದರೆ, ಎಂಟನೇ ತರಗತಿಯಲ್ಲೇ ಶುರು ಮಾಡಿಸುವುದು ಲೇಸು. ನಡುವೆ ಊರು ಬಿಡಬೇಕಾಗಿ ಬಂದರೆ ಎಕ್ಸ್‌ರೇ, ಅಚ್ಚು, ಚಿಕಿತ್ಸೆಯ ಚೀಟಿಗಳನ್ನೆಲ್ಲ ಕೇಳಿ ಪಡೆದು ಹೊಸ ಡಾಕ್ಟರಿಗೆ ಕೊಡಿ. ಕ್ಲಿಪ್ ಬಾಯಲ್ಲಿಟ್ಟುಕೊಂಡು ಆರು ತಿಂಗಳು ಯಾರಿಗೂ ತೋರಿಸದೆ ಇರುವುದಕ್ಕಿಂತ ಕೆಟ್ಟದ್ದಿಲ್ಲ.

● "ಮೂರು ತಿಂಗಳಲ್ಲಿ ಮಗಳ ಮದುವೆ, ಅಷ್ಟರಲ್ಲಿ ಹಲ್ಲು ಸರಿ ಮಾಡಿಕೊಡಿ" ಎಂದು ಬರುವ ತಂದೆತಾಯಿಗಳು ಕಡಿಮೆಯೇನಿಲ್ಲ. ಮೂರು ತಿಂಗಳಲ್ಲಿ ಹಲ್ಲು ಸರಿಯುವುದು ಮೂರು ಮಿಲಿಮೀಟರ್. ಆ ಗಡಿಬಿಡಿಯಲ್ಲಿ ಕೆಲವರು ಒಳ್ಳೆಯ ಹಲ್ಲನ್ನು ಉಜ್ಜಿಸಿ ಮೇಲೆ ಕ್ಯಾಪ್ ಹಾಕಿಸಿಬಿಡುತ್ತಾರೆ. ಉಜ್ಜಿ ಹೋದ ಎನಾಮಲ್ ಮತ್ತೆ ಎಂದೂ ಬೆಳೆಯುವುದಿಲ್ಲ. ಕ್ಯಾಪ್‌ಗೂ ಒಂದು ಆಯುಸ್ಸಿದೆ, ಮತ್ತೆ ಮತ್ತೆ ಬದಲಿಸಬೇಕಾಗುತ್ತದೆ. ಇಪ್ಪತ್ತೈದರ ಹುಡುಗಿಯ ಆರೋಗ್ಯವಾದ ಹಲ್ಲನ್ನು ಮದುವೆ ಫೋಟೋಗಾಗಿ ಬಲಿ ಕೊಡಬೇಡಿ. ಕ್ಲಿಪ್ ಹಾಕಿಕೊಂಡೇ ಹಸೆಮಣೆ ಏರಿದರೆ ಏನೂ ಕೊರತೆಯಿಲ್ಲ.

● ಹಲ್ಲಿನ ಸಂದು ಮುಚ್ಚಲು ಮನೆಯಲ್ಲೇ ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳುವ ವಿಡಿಯೋಗಳು ಓಡಾಡುತ್ತಿವೆ. ಆ ರಬ್ಬರ್ ಜಾರಿ ವಸಡಿನೊಳಗೆ ಇಳಿದರೆ ಹೊರಗೆ ಕಾಣುವುದೇ ಇಲ್ಲ. ಬೇರಿನುದ್ದಕ್ಕೂ ಮೇಲೇರುತ್ತಾ ಮೂಳೆಯನ್ನು ತಿನ್ನುತ್ತದೆ. ಹೀಗೆ ಒಳ್ಳೆಯ ಮುಂಬಲ್ಲುಗಳನ್ನೇ ಕಳೆದುಕೊಂಡವರಿದ್ದಾರೆ. ಮಕ್ಕಳಿಗೆ ಇದನ್ನು ಇವತ್ತೇ ಹೇಳಿ.

ಕ್ಲಿಪ್ ಹಾಕುವ ದಿನ

● ಸುತ್ತಿಗೆ ಇಲ್ಲ, ಸೂಜಿ ಇಲ್ಲ. ಮೊದಲು ಹಲ್ಲನ್ನು ಉಜ್ಜಿ ಒಣಗಿಸಿ, ಫಾಸ್ಫಾರಿಕ್ ಆಮ್ಲದ ಬಣ್ಣದ ಜೆಲ್ಲನ್ನು 15ರಿಂದ 30 ಸೆಕೆಂಡ್ ಹಚ್ಚುತ್ತಾರೆ. ತೊಳೆದು ಗಾಳಿ ಊದಿದಾಗ ಹಚ್ಚಿದ ಜಾಗವಷ್ಟೇ ಸೀಮೆಸುಣ್ಣದ ಬಿಳುಪಿಗೆ ತಿರುಗುತ್ತದೆ. ಅಲ್ಲಿ ಅಂಟು ಸವರಿದ ಬ್ರಾಕೆಟ್ (ತಂತಿಯನ್ನು ಹಿಡಿದಿಡುವ ಪುಟ್ಟ ತುಂಡು) ಇಟ್ಟು, ಜಾಗ ಸರಿನೋಡಿ, ಅಂಚಿಗೆ ಉಕ್ಕಿದ ಅಂಟನ್ನು ತೆಗೆದು, ನೀಲಿ ಬೆಳಕು ಹಾಯಿಸುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಅಂಟು ಗಟ್ಟಿ. ಕೊನೆಗೆ ತಂತಿ ಕೂರಿಸಿ, ಪುಟ್ಟ ರಬ್ಬರ್ ಉಂಗುರಗಳಿಂದ ಬಿಗಿಯುತ್ತಾರೆ.

● ಆಮ್ಲ ಹಚ್ಚಿ ಅಂಟಿಸುವ ಈ ವಿದ್ಯೆಯ ಬೇರು ಮೈಕೆಲ್ ಬ್ಯೂನೊಕೋರ್ 1955ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿದೆ. ಅದಕ್ಕೆ ಮುನ್ನ ಒಂದೊಂದು ಹಲ್ಲಿಗೂ ಲೋಹದ ಪಟ್ಟಿ ಸುತ್ತಬೇಕಿತ್ತು. ನಕ್ಕರೆ ಬಾಯಿ ತುಂಬ ಲೋಹ ಕಾಣುತ್ತಿತ್ತು.

● ಬ್ರಾಕೆಟ್‌ಗಳೆಲ್ಲ ನೋಡಲು ಒಂದೇ ತರಹ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರದು. ಪ್ರತಿ ಹಲ್ಲಿನ ಓರೆ–ವಾಟವನ್ನು ಅದರದರ ಬ್ರಾಕೆಟ್‌ನಲ್ಲೇ ಕೊರೆದಿರುತ್ತಾರೆ. 1970ರ ದಶಕದಲ್ಲಿ ಈ ಪದ್ಧತಿ ತಂದವರು ಅಮೆರಿಕದ ಲಾರೆನ್ಸ್ ಆಂಡ್ರೂಸ್.

● ಎಷ್ಟು ಬಗ್ಗಿಸಿದರೂ ಹಳೆಯ ಆಕಾರಕ್ಕೆ ಮರಳುವ ನಿಕ್ಕಲ್–ಟೈಟೇನಿಯಂ ತಂತಿ ಮೊದಲು ಹುಟ್ಟಿದ್ದು ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ. ಅದನ್ನು ಹಲ್ಲಿನ ಚಿಕಿತ್ಸೆಗೆ ತಂದವರು ಅಯೋವಾದ ಜಾರ್ಜ್ ಆಂಡ್ರಿಯಾಸನ್, 1970ರ ದಶಕದ ಆರಂಭದಲ್ಲಿ. ಇಂದು ಬಹುತೇಕರಿಗೆ ಮೊದಲು ಹಾಕುವ ತಂತಿ ಇದೇ. ಕೆಲವು ಬಗೆಯವು ಬಾಯಿಯ ಬಿಸಿಗೆ ಚುರುಕಾಗುತ್ತವೆ. ತಣ್ಣೀರು ಬಾಯಲ್ಲಿಟ್ಟುಕೊಂಡರೆ ಸ್ವಲ್ಪ ಹೊತ್ತು ಎಳೆತ ತಗ್ಗುತ್ತದೆ.

● ನೋವು ಶುರುವಾಗುವುದು ಕೆಲವು ಗಂಟೆ ಕಳೆದ ಮೇಲೆ. ಮರುದಿನ ಹೆಚ್ಚು, ವಾರದೊಳಗೆ ಇಳಿಮುಖ. ಕೇಳದೆ ಮಾತ್ರೆ ನುಂಗಬೇಡಿ. ಕೆಲವು ನೋವಿನ ಮಾತ್ರೆಗಳು ಹಲ್ಲು ಸರಿಯಲು ಬೇಕಾದ ಉರಿಯೂತವನ್ನೇ ತಗ್ಗಿಸುವುದರಿಂದ ಎಷ್ಟೋ ಡಾಕ್ಟರು ಪ್ಯಾರಾಸಿಟಮಾಲ್ ಬರೆಯುತ್ತಾರೆ.

● ತುಟಿ, ಕೆನ್ನೆ ತರಚಿದರೆ ಬ್ರಾಕೆಟ್ ಒಣಗಿಸಿ, ಕ್ಲಿನಿಕ್ಕಿನಲ್ಲಿ ಕೊಡುವ ಮೇಣವನ್ನು ಉಂಡೆ ಮಾಡಿ ಒತ್ತಿ. ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ. ಕೊಳಲು, ಶಹನಾಯಿ ನುಡಿಸುವವರಿಗೆ ತುಟಿ ಹೊಂದಿಕೊಳ್ಳಲು ಕೆಲವು ವಾರ ಬೇಕಾಗಬಹುದು. ಕಬಡ್ಡಿ, ಹಾಕಿ ಆಡುವವರು ಕ್ಲಿಪ್ ಮೇಲೆ ಕೂರುವ ಮೌತ್‌ಗಾರ್ಡ್ ಕೇಳಿ ಮಾಡಿಸಿಕೊಳ್ಳಬೇಕು.

ಊಟ, ತಿಂಡಿ

● ಮೊದಲ ವಾರಕ್ಕೆ ರಾಗಿಮುದ್ದೆಗಿಂತ ಒಳ್ಳೆಯ ಊಟ ಹುಡುಕುವುದು ಕಷ್ಟ. ಸಾರಿನಲ್ಲಿ ಅದ್ದಿ ನುಂಗಿದರಾಯಿತು, ಅಗಿಯುವ ಪ್ರಮೇಯವೇ ಇಲ್ಲ. ಇಡ್ಲಿ, ಮೊಸರನ್ನ, ಗಂಜಿ, ಉಪ್ಪಿಟ್ಟು ಕೂಡ ಆಗುತ್ತವೆ. ಉತ್ತರ ಕರ್ನಾಟಕದವರು ಖಡಕ್ ರೊಟ್ಟಿಯನ್ನು ಸದ್ಯ ಬಿಟ್ಟು, ಮೆತ್ತನೆಯ ಬಿಸಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಲಿ.

● ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ, ಚಿಕ್ಕಿ, ಕಬ್ಬು, ಜೋಳದ ತೆನೆ: ಬ್ರಾಕೆಟ್ ಕೀಳುವ ಪಟ್ಟಿ ಇದು. ಸಂಕ್ರಾಂತಿಯ ಸಕ್ಕರೆ ಅಚ್ಚು, ಗಟ್ಟಿ ಕೊಬ್ಬರಿಯೂ ಸೇರಿವೆ. ಸೇಬು, ಸೀಬೆ ಬೇಕಿದ್ದರೆ ಸಣ್ಣಗೆ ಹೆಚ್ಚಿಕೊಂಡು ಹಿಂದಿನ ಹಲ್ಲಿನಲ್ಲಿ ಅಗಿಯಿರಿ. ಪ್ರತಿ ಸಲ ಬ್ರಾಕೆಟ್ ಕಿತ್ತುಬಂದಾಗಲೂ ಆ ಹಲ್ಲಿನ ಕೆಲಸ ಹಿಂದೆ ಬೀಳುತ್ತದೆ.

● ಅಡಿಕೆ ಬ್ರಾಕೆಟ್ಟಿಗೂ ಕೆಟ್ಟದ್ದು, ಬಾಯಿಗಂತೂ ಇನ್ನೂ ಕೆಟ್ಟದ್ದು. ಅದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಪಟ್ಟಿ ಮಾಡಿದೆ. ಬಿಡಲು ಇದೇ ಸರಿಯಾದ ನೆಪ.

● ಬಿಳಿ ಅಥವಾ ಪಾರದರ್ಶಕ ರಬ್ಬರ್ ಉಂಗುರ ಆರಿಸಿಕೊಂಡರೆ ನಮ್ಮ ಸಾರಿನ ಅರಿಶಿನಕ್ಕೆ ಒಂದೆರಡು ದಿನದಲ್ಲೇ ಹಳದಿಯಾಗುತ್ತದೆ. ಬೂದು, ನೀಲಿಯಂಥ ಗಾಢ ಬಣ್ಣ ಕೇಳಿ.

ಬ್ರಷ್ ಹಿಡಿದ ಕೈ

● ಸರಿಯಾಗಿ ತೊಳೆಯದ ಬ್ರಾಕೆಟ್ ಸುತ್ತ ನಾಲ್ಕೇ ವಾರದಲ್ಲಿ ಬಿಳಿ ಕಲೆ ಮೂಡಬಹುದು. ಅದು ಹುಳುಕಿನ ಮೊದಲ ಹಂತ. ಕ್ಲಿಪ್ ಬಿಚ್ಚಿದಾಗ ಹಲ್ಲು ನೇರ, ಆದರೆ ಹಲ್ಲಿನ ಮೇಲೆಲ್ಲ ಚೌಕಾಕಾರದ ಕಲೆ. ಎರಡು ವರ್ಷದ ಶ್ರಮ ಹಾಗೆ ಹಾಳಾಗಬಾರದು.

● ಉಜ್ಜುವ ಕ್ರಮ ಹೀಗೆ: ವಸಡಿಗೂ ಬ್ರಾಕೆಟ್ಟಿಗೂ ನಡುವೆ ಬ್ರಷ್ಷನ್ನು ಓರೆಯಾಗಿ ಹಿಡಿದು ಒಂದು ಸುತ್ತು, ಬ್ರಾಕೆಟ್ಟಿನ ಇನ್ನೊಂದು ಬದಿಯಿಂದ ಒಂದು ಸುತ್ತು, ನೇರವಾಗಿ ಬ್ರಾಕೆಟ್ ಮೇಲೆ ಒಂದು ಸುತ್ತು. ಆಮೇಲೆ ತಂತಿಯ ಅಡಿ ತೂರುವ ಪುಟ್ಟ ಇಂಟರ್‌ಡೆಂಟಲ್ ಬ್ರಷ್ಷಿನಿಂದ ಪ್ರತಿ ಸಂದಿಯಲ್ಲೂ ಮೇಲೆ ಕೆಳಗೆ. ಬ್ರಾಕೆಟ್ಟಿನ ಲೋಹ ಹೊಳೆಯಬೇಕು, ವಸಡು ಗುಲಾಬಿ ಬಣ್ಣದಲ್ಲಿರಬೇಕು. ಫ್ಲೋರೈಡ್ ಇರುವ ಪೇಸ್ಟೇ ಆಗಲಿ.

● ಉಜ್ಜುವಾಗ ವಸಡಿನಿಂದ ರಕ್ತ ಬಂತೆಂದು ಆ ಜಾಗ ಬಿಟ್ಟು ಉಜ್ಜಬೇಡಿ. ರಕ್ತ ಬರುವುದೇ ಅಲ್ಲಿ ಕೊಳೆ ಕೂತಿರುವುದರಿಂದ. ಮೃದುವಾಗಿ, ದಿನವೂ ಉಜ್ಜಿದರೆ ನಿಲ್ಲುತ್ತದೆ.

● ಮೇಲಿನ ಮತ್ತು ಕೆಳಗಿನ ಕೊಂಡಿಗೆ ನೀವೇ ಹಾಕಿಕೊಳ್ಳಬೇಕಾದ ರಬ್ಬರ್ ಕೊಟ್ಟಿದ್ದರೆ, ಹೇಳಿದಷ್ಟು ಗಂಟೆ ಅದು ಬಾಯಲ್ಲಿರಬೇಕು; ಹೆಚ್ಚಾಗಿ ದಿನಕ್ಕೆ 20 ಗಂಟೆಗೂ ಮೇಲೆ. ಒಂದು ದಿನ ಮರೆತರೆ ಮರುದಿನ ಎರಡು ಹಾಕಿಕೊಳ್ಳುವುದು ಪರಿಹಾರವಲ್ಲ. ಬಲ ಹೆಚ್ಚಾದರೆ ಏನಾಗುತ್ತದೆಂದು ಆಗಲೇ ಓದಿದಿರಿ.

ಕಾಣದ ಕ್ಲಿಪ್‌ಗಳು

● ಪಾರದರ್ಶಕ ಅಲೈನರ್ ತಯಾರಿಸುವ ಅಲೈನ್ ಟೆಕ್ನಾಲಜಿ ಕಂಪನಿ ಅಮೆರಿಕದಲ್ಲಿ 1997ರಲ್ಲಿ ಶುರುವಾಯಿತು. ಒಂದೊಂದು ಅಲೈನರ್ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುತ್ತದೆ. ಒಂದೆರಡು ವಾರಕ್ಕೊಮ್ಮೆ ಹೊಸದು. ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಳ್ಳದಿದ್ದರೆ ಕೊಟ್ಟ ಹಣ ವ್ಯರ್ಥ.

● ಅಲೈನರ್ ಹಾಕಿಕೊಂಡು ಕಾಫಿ, ಟೀ ಕುಡಿಯಬೇಡಿ, ಕಲೆಯಾಗುತ್ತದೆ. ಬಿಸಿನೀರಿನಲ್ಲಿ ತೊಳೆಯಬೇಡಿ, ಆಕಾರ ಕೆಡುತ್ತದೆ. ಹೋಟೆಲಿನಲ್ಲಿ ಕಾಗದದ ಕರವಸ್ತ್ರದಲ್ಲಿ ಸುತ್ತಿಟ್ಟರೆ ಎಲೆಯ ಜೊತೆ ಕಸದ ಬುಟ್ಟಿಗೆ ಹೋಗುತ್ತದೆ. ಡಬ್ಬಿ ಜೇಬಿನಲ್ಲಿರಲಿ.

● ಹಲ್ಲಿನ ಬಣ್ಣಕ್ಕೆ ಹೊಂದುವ ಸೆರಾಮಿಕ್ ಬ್ರಾಕೆಟ್, ಹಲ್ಲಿನ ಒಳಬದಿಗೆ ಅಂಟಿಸುವ ಲಿಂಗ್ವಲ್ ಬ್ರಾಕೆಟ್ ಕೂಡ ಇವೆ. ಯಾವುದನ್ನೇ ಆರಿಸಿಕೊಂಡರೂ ಹಲ್ಲು ಸರಿಯುವ ವೇಗ ಬದಲಾಗುವುದಿಲ್ಲ. ಅರ್ಧ ಸಮಯದಲ್ಲಿ ಮುಗಿಸುತ್ತೇವೆ ಎಂಬ ಜಾಹೀರಾತನ್ನು ನಂಬುವ ಮುನ್ನ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ.

ಬಿಚ್ಚಿದ ಮೇಲೆ

● ಕ್ಲಿಪ್ ಬಿಚ್ಚಿದ ದಿನ ಹಲ್ಲು ನೇರವಾಗಿರುತ್ತದೆ, ಆದರೆ ವಸಡಿನೊಳಗಿನ ನಾರುಗಳಿಗೆ ಹಳೆಯ ಜಾಗದ ಎಳೆತ ಇನ್ನೂ ಹೋಗಿರುವುದಿಲ್ಲ. ಕೆಲವು ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಒಂದು ವರ್ಷದವರೆಗೂ ಬೇಕು. ಅಷ್ಟು ದಿನ ಹಲ್ಲನ್ನು ಹಿಡಿದಿಡುವುದೇ ರಿಟೇನರ್.

● ತಂತಿ ಮತ್ತು ಅಕ್ರಿಲಿಕ್ಕಿನ, ತೆಗೆದು ಹಾಕುವ ಹಾಲಿ ರಿಟೇನರ್ ಚಾರ್ಲ್ಸ್ ಹಾಲಿಯ ಹೆಸರು ಹೊತ್ತು ನೂರು ವರ್ಷ ದಾಟಿದೆ. ಕೆಳಗಿನ ಮುಂಬಲ್ಲುಗಳ ಒಳಬದಿಗೆ ಸಣ್ಣ ತಂತಿ ಅಂಟಿಸುವ ಪದ್ಧತಿಯೂ ಇದೆ. ಅದನ್ನು ಅಂಟಿಸಿದ್ದರೆ ಕೆಳಗೆ ಪಾಚಿ ಕಟ್ಟದಂತೆ ನೋಡಿಕೊಳ್ಳಿ, ತಂತಿ ಒಂದು ಕಡೆ ಬಿಟ್ಟರೂ ತಕ್ಷಣ ತೋರಿಸಿ.

● ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು, ಚಿಕಿತ್ಸೆ ಮುಗಿಸಿ ರಿಟೇನರನ್ನೂ ಬಿಟ್ಟು ಹತ್ತು ವರ್ಷವಾದ 65 ಮಂದಿಯ ಹಲ್ಲುಗಳನ್ನು ಪರೀಕ್ಷಿಸಿ 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಮೂರರಲ್ಲಿ ಎರಡು ಪಾಲು ಜನರ ಕೆಳಗಿನ ಮುಂಬಲ್ಲುಗಳು ಮತ್ತೆ ಒತ್ತೊತ್ತಾಗಿದ್ದವು. ರಾತ್ರಿ ರಿಟೇನರ್ ಹಾಕಿಕೊಳ್ಳುವುದನ್ನು ಬಹುಕಾಲ ಬಿಡಬೇಡಿ ಎಂದು ಇಂದಿನ ಡಾಕ್ಟರು ಒತ್ತಾಯಿಸುವುದು ಇಂಥ ಅನುಭವದಿಂದಲೇ.

● "ಬುದ್ಧಿಹಲ್ಲು ಬಂದು ತಳ್ಳಿತು, ಅದಕ್ಕೇ ಮುಂದಿನವು ಸೊಟ್ಟಗಾದವು" ಎಂಬುದು ಎಲ್ಲರ ಬಾಯಲ್ಲೂ ಇದೆ. ಸಂಶೋಧನೆಗಳು ಅದನ್ನು ಒಪ್ಪುವುದಿಲ್ಲ. ಬುದ್ಧಿಹಲ್ಲೇ ಇಲ್ಲದವರಲ್ಲೂ ವಯಸ್ಸಾಗುತ್ತ ಕೆಳಗಿನ ಹಲ್ಲುಗಳು ಒತ್ತಾಗುತ್ತವೆ. ಮುಂಬಲ್ಲು ಕಾಯುವುದಕ್ಕೆಂದೇ ನೋವಿಲ್ಲದ ಬುದ್ಧಿಹಲ್ಲು ಕೀಳಿಸಬೇಕಿಲ್ಲ.

● ರಿಟೇನರ್ ಕಳೆದುಹೋದರೆ "ಮುಂದಿನ ತಿಂಗಳು ನೋಡೋಣ" ಎನ್ನಬೇಡಿ. ಕೆಲವೇ ವಾರದಲ್ಲಿ ಹಲ್ಲು ಕದಲಬಹುದು, ಆಗ ಹಳೆಯ ಅಳತೆಯ ರಿಟೇನರ್ ಕೂರುವುದಿಲ್ಲ. ಮೊದಲ ದಿನ ಶುಲ್ಕದ ಮಾತು ಬಂದಾಗಲೇ ರಿಟೇನರ್ ಅದರಲ್ಲಿ ಸೇರಿದೆಯೇ, ಕಳೆದರೆ ಹೊಸದಕ್ಕೆ ಎಷ್ಟು, ಬಿಚ್ಚಿದ ಮೇಲೆ ಎಷ್ಟು ಸಲ ಬಂದು ತೋರಿಸಬೇಕು ಎಂದು ಕೇಳಿ ಬರೆಸಿಕೊಳ್ಳಿ. ಎರಡು ವರ್ಷ ನಿಮ್ಮ ಮೂಳೆ ಕರಗಿ, ಕಟ್ಟಿ, ಸಾಲಿಗೆ ತಂದ ಹಲ್ಲುಗಳಿವು. ಅವನ್ನು ಕಾಯಲು ಮಲಗುವ ಮುನ್ನ ಎರಡು ನಿಮಿಷ ಸಾಕು: ಹಲ್ಲುಜ್ಜಿ, ರಿಟೇನರ್ ತೊಳೆದು, ಹಾಕಿಕೊಳ್ಳಿ.